ಜೇಬಿನಲ್ಲಿ ಮೊಬೈಲ್, ಆದೇಶದಲ್ಲಿ ಡಿಬಾರ್: ಒಂದು ರಿಟ್ ಅರ್ಜಿಯ ಪ್ರಕರಣ ಅಧ್ಯಯನ

ಎಂಜಿನಿಯರಿಂಗ್ ಐದನೇ ಸೆಮಿಸ್ಟರ್, ಐದನೇ ಪೇಪರ್. ಪರೀಕ್ಷೆ ಶುರುವಾಗಿ ಮುಕ್ಕಾಲು ಗಂಟೆ ಆಗಿರುವಾಗ ವಿಶ್ವವಿದ್ಯಾಲಯದ ಸ್ಕ್ವಾಡ್ (ದಿಢೀರ್ ತಪಾಸಣಾ ತಂಡ) ಕೊಠಡಿಗೆ ಬಂತು. ಮೂರನೇ ಸಾಲಿನ ವಿದ್ಯಾರ್ಥಿಯ ಪ್ಯಾಂಟಿನ ಜೇಬಿನಲ್ಲಿ ಮೊಬೈಲ್ ಸಿಕ್ಕಿತು. ಲಾಕ್ ತೆಗೆಸಿ ನೋಡಿದಾಗ ಗ್ಯಾಲರಿಯಲ್ಲಿ ಅದೇ ವಿಷಯದ ನೋಟ್ಸ್‌ನ ಹನ್ನೊಂದು ಫೋಟೊಗಳಿದ್ದವು. ಉತ್ತರ ಪತ್ರಿಕೆ ಕಿತ್ತುಕೊಂಡರು, ಮೊಬೈಲನ್ನು ಲಕೋಟೆಗೆ ಹಾಕಿದರು, ಮಾಲ್‌ಪ್ರಾಕ್ಟೀಸ್ (ಪರೀಕ್ಷಾ ಅಕ್ರಮ) ನಮೂನೆ ತುಂಬಿಸಿದರು, ವಿದ್ಯಾರ್ಥಿಯಿಂದ ಹೇಳಿಕೆ ಬರೆಸಿಕೊಂಡು ಹೊರಗೆ ಕಳಿಸಿದರು. ಎರಡೂವರೆ ತಿಂಗಳ ಬಳಿಕ ಬಂದ ಆದೇಶದಲ್ಲಿ ಆ ಸೆಮಿಸ್ಟರ್‌ನ ಎಲ್ಲ ಪೇಪರ್‌ಗಳು ರದ್ದಾಗಿದ್ದವು; ಮುಂದಿನ ಎರಡು ಪರೀಕ್ಷೆಗಳಿಗೆ ಡಿಬಾರ್ (ಕೂರದಂತೆ ನಿಷೇಧ) ಬೇರೆ.

ಈ ವಿದ್ಯಾರ್ಥಿ, ಈ ಕಾಲೇಜು, ಈ ವಿಶ್ವವಿದ್ಯಾಲಯ ಮೂರೂ ಮಾದರಿಗಾಗಿ ಹೆಣೆದವು. ಕರ್ನಾಟಕದ ಹೈಕೋರ್ಟ್ ಪೀಠಗಳ ಮುಂದೆ ಬರುವ ಇಂಥ ಅರ್ಜಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ಕಡತಕ್ಕೆ ತಂದು ಇಟ್ಟಿದೆ. ನಡುವೆ ಹೆಸರಿಸುವ ಸುಪ್ರೀಂ ಕೋರ್ಟ್ ತೀರ್ಪುಗಳು ಮಾತ್ರ ವರದಿಯಾದ ನಿಜವಾದ ತೀರ್ಪುಗಳು.

ವಿದ್ಯಾರ್ಥಿಯೂ ಪೋಷಕರೂ ವಕೀಲರ ಕಚೇರಿಗೆ ಬಂದಾಗ ಹೇಳುವ ಮೊದಲ ಮಾತು ಒಂದೇ: "ಅವನು ನಕಲು ಮಾಡಿಲ್ಲ ಸರ್." ಆದರೆ ರಿಟ್ ಅರ್ಜಿಯಲ್ಲಿ (ಸಾರ್ವಜನಿಕ ಸಂಸ್ಥೆಯ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ) ನ್ಯಾಯಾಲಯ ಕೇಳುವ ಪ್ರಶ್ನೆ ಅದಲ್ಲ. ನಕಲು ನಡೆಯಿತೋ ಇಲ್ಲವೋ ಎಂದು ತೀರ್ಮಾನಿಸುವ ಕೆಲಸ ವಿಶ್ವವಿದ್ಯಾಲಯದ್ದು. ಆ ತೀರ್ಮಾನಕ್ಕೆ ಅದು ಯಾವ ದಾರಿಯಲ್ಲಿ ಬಂತು, ಕೊಟ್ಟ ಶಿಕ್ಷೆಗೆ ತನ್ನದೇ ನಿಯಮದಲ್ಲಿ ಜಾಗವಿದೆಯೇ ಎಂಬುದನ್ನು ಮಾತ್ರ ಹೈಕೋರ್ಟ್ ನೋಡುತ್ತದೆ. ಹಾಗಾಗಿ ಇಂಥ ಪ್ರಕರಣದ ಬಹುಪಾಲು ಕೋರ್ಟ್ ಮೆಟ್ಟಿಲು ಹತ್ತುವ ಮೊದಲೇ, ಕಾಗದದ ಮೇಲೆ ಮುಗಿದಿರುತ್ತದೆ.

ಕೊಠಡಿಯಲ್ಲಿ ಹುಟ್ಟಿದ ಮೂರು ಕಾಗದಗಳು

ಕಡತದ ಬೇರು ಪರೀಕ್ಷಾ ಕೊಠಡಿಯಲ್ಲಿದೆ. ಅಲ್ಲಿ ಅಂದು ಮೂರು ಕಾಗದ ಹುಟ್ಟಿದವು. ಕೊಠಡಿ ಮೇಲ್ವಿಚಾರಕರ ವರದಿಯಲ್ಲಿ ಹೀಗಿತ್ತು: "ಅಭ್ಯರ್ಥಿಯ ಜೇಬಿನಲ್ಲಿ ಮೊಬೈಲ್ ಇತ್ತು. ಸ್ವಿಚ್ ಆಫ್ ಆಗಿತ್ತು. ಸ್ಕ್ವಾಡ್ ಸದಸ್ಯರು ಆನ್ ಮಾಡಿಸಿದರು." ಸ್ಕ್ವಾಡ್ ವರದಿಯಲ್ಲಿ ಇದ್ದದ್ದು ಬೇರೆ: "ಅಭ್ಯರ್ಥಿಯು ಮೊಬೈಲ್ ನೋಡಿಕೊಂಡು ಉತ್ತರ ಬರೆಯುತ್ತಿದ್ದುದು ಕಂಡುಬಂದಿದೆ." ಮೂರನೆಯದು ವಿದ್ಯಾರ್ಥಿಯ ಕೈಬರಹದ ಹೇಳಿಕೆ: "ನಾನು ಮೊಬೈಲ್ ತಂದಿದ್ದು ತಪ್ಪು. ನೋಡಿ ಬರೆದಿದ್ದೇನೆ. ದಯವಿಟ್ಟು ಕ್ಷಮಿಸಿ."

ಮೂರನೆಯ ಕಾಗದ ಹುಟ್ಟುವ ರೀತಿ ಪರೀಕ್ಷಾ ಕೇಂದ್ರಗಳಲ್ಲಿ ಕೆಲಸ ಮಾಡಿದವರಿಗೆ ಹೊಸದಲ್ಲ. "ಬರೆದುಕೊಡು, ಮುಂದಿನ ಪೇಪರ್‌ಗೆ ಕೂರಿಸುತ್ತೇವೆ" ಅನ್ನುತ್ತಾರೆ. ಬರೆಯದಿದ್ದರೆ ಪೊಲೀಸರ ಮಾತು ಬರುತ್ತದೆ. ಇಪ್ಪತ್ತು ವರ್ಷದ ಹುಡುಗ ಹೇಳಿದ್ದನ್ನು ಹೇಳಿದಂತೆ ಬರೆದು ಸಹಿ ಹಾಕುತ್ತಾನೆ. ಆಮೇಲೆ ಅದನ್ನು "ಒತ್ತಾಯದಿಂದ ಬರೆಸಿಕೊಂಡರು" ಎಂದು ಹೇಳಿ ಹಿಂಪಡೆಯುವುದು ಬಹಳ ಕಷ್ಟ. ಅದರಲ್ಲೂ ಆ ಮಾತು ಮೊದಲ ಬಾರಿಗೆ ರಿಟ್ ಅರ್ಜಿಯಲ್ಲೇ ಕಾಣಿಸಿಕೊಂಡರೆ ನ್ಯಾಯಾಲಯ ಅದನ್ನು ನಂಬುವ ಸಾಧ್ಯತೆ ಕಡಿಮೆ. ಹೇಳಿಕೆ ಬಲವಂತದ್ದಾಗಿದ್ದರೆ ಅದೇ ದಿನ ಅಥವಾ ಮರುದಿನ ಪ್ರಾಂಶುಪಾಲರಿಗೂ ಕುಲಸಚಿವರಿಗೂ (ಮೌಲ್ಯಮಾಪನ) ಇಮೇಲ್ ಹೋಗಬೇಕು. ಎರಡೇ ಸಾಲು ಸಾಕು: ಮೊಬೈಲ್ ಇದ್ದದ್ದು ನಿಜ, ಬಳಸಿಲ್ಲ, "ನೋಡಿ ಬರೆದಿದ್ದೇನೆ" ಎಂಬ ಸಾಲನ್ನು ಹೇಳಿ ಬರೆಸಲಾಗಿದೆ. ನಮ್ಮ ವಿದ್ಯಾರ್ಥಿ ಇದನ್ನು ಮಾಡಲಿಲ್ಲ. ಮಾಡಿದ್ದರೆ ಮುಂದಿನ ಅರ್ಧ ವಾದವೇ ಬೇಕಿರಲಿಲ್ಲ.

ಮೇಲ್ವಿಚಾರಕರ ವರದಿಗೂ ಸ್ಕ್ವಾಡ್ ವರದಿಗೂ ನಡುವಿನ ಬಿರುಕು ಆಗ ಯಾರ ಗಮನಕ್ಕೂ ಬಂದಿರಲಿಲ್ಲ. ಎರಡೂ ಒಂದೇ ಲಕೋಟೆಯಲ್ಲಿ ವಿಶ್ವವಿದ್ಯಾಲಯಕ್ಕೆ ಹೋದವು. ವಿದ್ಯಾರ್ಥಿಗೆ ಯಾವುದರ ಪ್ರತಿಯೂ ಸಿಗಲಿಲ್ಲ.

ಸಮಿತಿಯ ಮುಂದೆ

ಐದು ವಾರದ ಬಳಿಕ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಪಟ್ಟಿ ಬಂತು. ಪಟ್ಟಿಯಲ್ಲಿರುವ ಎಂಪಿಸಿ (ಮಾಲ್‌ಪ್ರಾಕ್ಟೀಸ್ ಪ್ರಕರಣದ) ಅಭ್ಯರ್ಥಿಗಳು ಇಂಥ ದಿನ ಬೆಳಿಗ್ಗೆ ಹತ್ತಕ್ಕೆ ಹಾಲ್ ಟಿಕೆಟ್, ಗುರುತಿನ ಚೀಟಿ ಸಮೇತ ಹಾಜರಾಗಬೇಕು ಎಂದಷ್ಟೇ ಇತ್ತು. ಆರೋಪ ಏನು, ಯಾವ ನಿಯಮದ ಯಾವ ಕಲಂ, ಯಾವ ಶಿಕ್ಷೆ ಆಗಬಹುದು ಎಂಬ ಯಾವ ವಿವರವೂ ಇಲ್ಲ. ವಿಶ್ವವಿದ್ಯಾಲಯದ ವಿಚಾರಣಾ ಸಮಿತಿಯ ಮುಂದೆ ಮುದ್ರಿತ ಪ್ರಶ್ನಾವಳಿ ಕೊಟ್ಟರು. ಮೊಬೈಲ್ ತಂದಿದ್ದಿರಾ? ಹೌದು. ಈ ಹೇಳಿಕೆಯ ಸಹಿ ನಿಮ್ಮದೇ? ಹೌದು. ಇನ್ನೇನಾದರೂ ಹೇಳುವುದಿದೆಯೇ? "ಇನ್ನೊಮ್ಮೆ ಮಾಡುವುದಿಲ್ಲ." ಐದು ನಿಮಿಷದಲ್ಲಿ ಮುಗಿಯಿತು.

ಪ್ರಶ್ನಾವಳಿಯ ಕೊನೆಯ ಖಾಲಿ ಜಾಗಕ್ಕೆ ವಿದ್ಯಾರ್ಥಿಗಳು ಬೆಲೆ ಕೊಡುವುದಿಲ್ಲ. ಇಡೀ ವಿಚಾರಣೆಯಲ್ಲಿ ಅವರ ಕೈಯಲ್ಲಿರುವುದು ಅದೊಂದೇ. "ಮೊಬೈಲ್ ಆಫ್ ಇತ್ತು. ಮೇಲ್ವಿಚಾರಕರನ್ನು ಕೇಳಿ. ವರದಿಗಳ ಪ್ರತಿ ಕೊಡಿ. ನನ್ನ ಉತ್ತರ ಪತ್ರಿಕೆಯನ್ನು ಫೋಟೊಗಳ ಜೊತೆ ಹೋಲಿಸಿ ನೋಡಿ" ಎಂದು ಅಲ್ಲಿ ಬರೆದಿದ್ದರೆ, ಸಮಿತಿ ಅದಕ್ಕೆ ಉತ್ತರಿಸಬೇಕಾಗುತ್ತಿತ್ತು. ಉತ್ತರಿಸದಿದ್ದರೆ ಆ ಮೌನವೇ ರಿಟ್ ಅರ್ಜಿಯ ಅತಿ ಗಟ್ಟಿ ಆಧಾರವಾಗುತ್ತಿತ್ತು.

ವಿಶ್ವವಿದ್ಯಾಲಯದ ನಿಯಮದಲ್ಲಿ ಶಿಕ್ಷೆಯ ಮೂರು ಹಂತಗಳಿದ್ದವು. ನಿಷೇಧಿತ ಸಾಧನ ಬಳಿಯಿದ್ದು ಬಳಸದಿದ್ದರೆ ಆ ಪೇಪರ್ ರದ್ದು ಮತ್ತು ದಂಡ. ಬಳಸಿ ನಕಲು ಮಾಡಿದ್ದರೆ ಆ ಸೆಮಿಸ್ಟರ್‌ನ ಎಲ್ಲ ಪೇಪರ್ ರದ್ದು. ಹೊರಗಿನವರ ಜೊತೆ ಸಂಪರ್ಕದಲ್ಲಿದ್ದು ಉತ್ತರ ಪಡೆದಿದ್ದರೆ, ಅಥವಾ ಬದಲಿ ವ್ಯಕ್ತಿ ಬರೆದಿದ್ದರೆ, ಅದರ ಮೇಲೆ ಮುಂದಿನ ಎರಡು ಪರೀಕ್ಷೆಗಳಿಗೆ ಡಿಬಾರ್. ಏಪ್ರಿಲ್ ಮೊದಲ ವಾರ ಕೈಗೆ ಬಂದ ಆದೇಶದಲ್ಲಿ "ಸಮಿತಿಯು ವರದಿಗಳನ್ನು ಪರಿಶೀಲಿಸಿ, ಅಭ್ಯರ್ಥಿಯನ್ನು ಆಲಿಸಿ, ದುರಾಚಾರ ಸಾಬೀತಾಗಿದೆ ಎಂದು ತೀರ್ಮಾನಿಸಿದೆ" ಎಂಬ ಒಂದೇ ವಾಕ್ಯವಿತ್ತು. ಅದರ ಕೆಳಗೆ ಮೂರನೇ ಹಂತದ ಶಿಕ್ಷೆ. ಹೊರಗಿನ ಸಂಪರ್ಕದ ಬಗ್ಗೆ ಸ್ಕ್ವಾಡ್ ವರದಿಯಲ್ಲೂ ಒಂದಕ್ಷರ ಇರಲಿಲ್ಲ. ಕಂಪ್ಯೂಟರ್‌ನಲ್ಲಿ ಮೊದಲೇ ಇದ್ದ ನಮೂನೆಗೆ ಹೆಸರು, ನೋಂದಣಿ ಸಂಖ್ಯೆ ಬದಲಿಸಿ ಕಳಿಸಿದ ಆದೇಶ ಎಂಬುದು ಓದಿದ ಕೂಡಲೇ ತಿಳಿಯುತ್ತಿತ್ತು.

ಕ್ಷಮಾಪಣೆ ಪತ್ರ ಎಂಬ ಬಲೆ

ಆದೇಶ ಬಂದ ಮೇಲೆ ಪೋಷಕರು ಮಾಡಿದ ಮೊದಲ ಕೆಲಸ ಕುಲಪತಿಗಳಿಗೆ ಮನವಿ. "ಮಗನಿಂದ ದೊಡ್ಡ ತಪ್ಪಾಗಿದೆ, ಭವಿಷ್ಯ ಹಾಳಾಗುತ್ತದೆ, ಕರುಣೆ ತೋರಿ" ಎಂದು ಬರೆದು, ಮಗನ ಸಹಿಯನ್ನೂ ಹಾಕಿಸಿ ಕೊಟ್ಟರು. ಉತ್ತರಕ್ಕಾಗಿ ಎರಡು ವಾರ ಕಾದರು. ಬರಲಿಲ್ಲ.

ಇದರಿಂದ ಎರಡು ಹಾನಿ. ಒಂದು, ದಿನ ಹೋಯಿತು. ಇನ್ನೊಂದು ಇದಕ್ಕಿಂತ ದೊಡ್ಡದು. ಆ ಮನವಿ ಆಮೇಲೆ ವಿಶ್ವವಿದ್ಯಾಲಯದ ಆಕ್ಷೇಪಣಾ ಹೇಳಿಕೆಗೆ (ರಿಟ್ ಅರ್ಜಿಗೆ ಕೊಡುವ ಲಿಖಿತ ಉತ್ತರ) ಅನುಬಂಧವಾಗಿ ಬಂತು: "ಅರ್ಜಿದಾರರೇ ತಪ್ಪೊಪ್ಪಿಕೊಂಡಿದ್ದಾರೆ." ಈ ವಾದಕ್ಕೆ ಬಲವಿದೆ. ಚಂಡೀಗಢದ ಡಾ. ಅಂಬೇಡ್ಕರ್ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯ ಪ್ರಕರಣದಲ್ಲಿ (2009ರಲ್ಲಿ ವರದಿಯಾದದ್ದು) ಪರೀಕ್ಷೆಯ ವೇಳೆ ವಿದ್ಯಾರ್ಥಿಯ ಬಳಿ ಚೀಟಿ ಸಿಕ್ಕಿತ್ತು. ಅದು ತನ್ನ ಬಳಿ ಇದ್ದದ್ದನ್ನು ಆತನೇ ಬರವಣಿಗೆಯಲ್ಲಿ ಒಪ್ಪಿದ್ದ. ಶೈಕ್ಷಣಿಕ ವಿಷಯದಲ್ಲಿ ಶಿಸ್ತು ಕಠಿಣವಾಗಿರಬೇಕು, ಇಲ್ಲಿ ಅನುಕಂಪಕ್ಕೆ ಜಾಗವಿಲ್ಲ ಎಂದು ಹೇಳಿದ ಸುಪ್ರೀಂ ಕೋರ್ಟ್, ಹೈಕೋರ್ಟ್ ಕೊಟ್ಟಿದ್ದ ಮಧ್ಯಂತರ (ಅಂತಿಮ ತೀರ್ಪಿಗೆ ಮೊದಲಿನ) ಪರಿಹಾರವನ್ನು ಎತ್ತಿಹಿಡಿಯಲಿಲ್ಲ. ವಿಶ್ವವಿದ್ಯಾಲಯಗಳ ಪರ ವಕೀಲರು ಈ ತೀರ್ಪನ್ನು ಕೈಯಲ್ಲಿ ಹಿಡಿದೇ ಬರುತ್ತಾರೆ.

ಕರುಣೆ ಕೇಳಲೇಬೇಕೆಂದಿದ್ದರೆ ಪತ್ರದಲ್ಲಿ ನಿಜವಾಗಿ ಆದದ್ದನ್ನು ಮಾತ್ರ ಒಪ್ಪಬೇಕು: ಮೊಬೈಲ್ ಒಳಗೆ ತಂದದ್ದು. ಬಳಕೆಯನ್ನು ಸ್ಪಷ್ಟವಾಗಿ ಅಲ್ಲಗಳೆಯಬೇಕು. ಅದೇ ಪತ್ರದಲ್ಲಿ ವರದಿಗಳ ಪ್ರತಿ ಕೇಳಬೇಕು, ನಿಯಮದ ಯಾವ ಕಲಂ ಅಡಿ ಶಿಕ್ಷೆ ಎಂದು ಪ್ರಶ್ನಿಸಬೇಕು. ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ತನ್ನ ಉತ್ತರ ಪತ್ರಿಕೆ ನೋಡುವ ಹಕ್ಕು ಅಭ್ಯರ್ಥಿಗಿದೆ ಎಂದು ಸಿಬಿಎಸ್‌ಇ ಪ್ರಕರಣದಲ್ಲಿ 2011ರಲ್ಲೇ ತೀರ್ಮಾನವಾಗಿದೆ. ಆದರೆ ಅಲ್ಲಿ ಉತ್ತರಕ್ಕೆ 30 ದಿನದ ಅವಧಿ ಇರುವುದರಿಂದ ಅದನ್ನೇ ನಂಬಿ ಕೂರುವಂತಿಲ್ಲ.

ಅರ್ಜಿ ಕಟ್ಟುವುದು

ವಕೀಲರ ಬಳಿ ಬಂದಾಗ ಹೈಕೋರ್ಟಿನ ಬೇಸಿಗೆ ರಜೆಗೆ ವಾರವಷ್ಟೇ ಉಳಿದಿತ್ತು. ಆರನೇ ಸೆಮಿಸ್ಟರ್ ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಮೇ ತಿಂಗಳ ಮಧ್ಯದಲ್ಲಿ, ಪರೀಕ್ಷೆ ಜೂನ್‌ನಲ್ಲಿ. ರಜಾಕಾಲದ ಪೀಠ ತುರ್ತು ವಿಷಯ ಕೇಳುತ್ತದೆ, ನಿಜ. ಆದರೆ ಆದೇಶ ಏಪ್ರಿಲ್ ಮೊದಲ ವಾರದ್ದು ಎಂದಾಗ "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂಬ ಪ್ರಶ್ನೆ ಬರುತ್ತದೆ. ರಿಟ್ ಅರ್ಜಿಗೆ ಕಾನೂನಿನಲ್ಲಿ ಬರೆದಿಟ್ಟ ಕಾಲಮಿತಿ ಇಲ್ಲದಿದ್ದರೂ, ಪರೀಕ್ಷೆಯ ವಿಷಯದಲ್ಲಿ ಕ್ಯಾಲೆಂಡರೇ ಕಾಲಮಿತಿ.

ಅರ್ಜಿ ಸಂವಿಧಾನದ 226ನೇ ವಿಧಿಯಡಿ. ವಿದ್ಯಾರ್ಥಿಗೆ ಹದಿನೆಂಟು ತುಂಬಿರುವುದರಿಂದ ಅರ್ಜಿದಾರನೂ ಅವನೇ, ಪ್ರಮಾಣಪತ್ರಕ್ಕೆ (ಅಫಿಡವಿಟ್) ಸಹಿ ಹಾಕಬೇಕಾದವನೂ ಅವನೇ. ತಂದೆ ಹಾಕಿದರೆ ಕಚೇರಿ ಆಕ್ಷೇಪಣೆ ಬಂದು ಎರಡು ದಿನ ಹೋಗುತ್ತದೆ. ಪ್ರತಿವಾದಿಗಳು ವಿಶ್ವವಿದ್ಯಾಲಯ (ಕುಲಸಚಿವರ ಮೂಲಕ), ಕುಲಸಚಿವರು (ಮೌಲ್ಯಮಾಪನ) ಮತ್ತು ಕಾಲೇಜಿನ ಪ್ರಾಂಶುಪಾಲರು. ಕಾಲೇಜನ್ನು ಬಿಡುವವರಿದ್ದಾರೆ, ಅದು ತಪ್ಪು. ಹಾಲ್ ಟಿಕೆಟ್ ಕೊಡುವುದು, ಹಾಜರಾತಿ ಕಳಿಸುವುದು, ಆಂತರಿಕ ಅಂಕ ತುಂಬುವುದು ಎಲ್ಲ ಕಾಲೇಜಿನ ಕೈಯಲ್ಲಿದೆ. ಮಧ್ಯಂತರ ಆದೇಶ ಸಿಕ್ಕ ಮೇಲೆ "ನಮಗೆ ಆದೇಶವಿಲ್ಲ" ಎಂದು ಕಾಲೇಜು ಕೈ ಚೆಲ್ಲಬಾರದು. ಸಂಸ್ಥೆ ಡೀಮ್ಡ್ ವಿಶ್ವವಿದ್ಯಾಲಯವಾಗಿದ್ದರೂ (ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆ) ರಿಟ್ ನಿಲ್ಲುತ್ತದೆ. ಎಸ್‌ಆರ್‌ಎಂ ವಿಶ್ವವಿದ್ಯಾಲಯದ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ. ಯಾವ ಪೀಠ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಿಗೆ ಜಿಲ್ಲೆಗಳು ಹಂಚಿಕೆಯಾಗಿವೆ. ತಪ್ಪಿದರೆ ಅರ್ಜಿ ಹಿಂದೆ ಪಡೆದು ಮತ್ತೆ ಹಾಕುವಷ್ಟರಲ್ಲಿ ಶುಲ್ಕದ ದಿನ ದಾಟಿರುತ್ತದೆ.

ಅನುಬಂಧಗಳಲ್ಲಿ ಹಾಲ್ ಟಿಕೆಟ್, ವಾಟ್ಸಾಪ್ ಪಟ್ಟಿಯ ಮುದ್ರಿತ ಪ್ರತಿ, ಶಿಕ್ಷೆಯ ಆದೇಶ, ತಡೆಹಿಡಿದ ಫಲಿತಾಂಶದ ಪುಟ, ಹಿಂದಿನ ನಾಲ್ಕು ಸೆಮಿಸ್ಟರ್‌ಗಳ ಅಂಕಪಟ್ಟಿ, ಆರನೇ ಸೆಮಿಸ್ಟರ್ ಶುಲ್ಕದ ಸುತ್ತೋಲೆ ಇದ್ದವು. ಎಲ್ಲಕ್ಕಿಂತ ಮುಖ್ಯವಾದದ್ದು ಮಾಲ್‌ಪ್ರಾಕ್ಟೀಸ್ ನಿಯಮದ ಪೂರ್ಣ ಪಾಠ. ಶಿಕ್ಷೆಯ ಪಟ್ಟಿ ಇರುವ ಒಂದು ಪುಟ ಮಾತ್ರ ಲಗತ್ತಿಸುವುದು ಸಾಮಾನ್ಯ ಎಡವಟ್ಟು. ಸಮಿತಿ ಹೇಗೆ ರಚನೆಯಾಗಬೇಕು, ನೋಟಿಸ್ ಹೇಗೆ ಕೊಡಬೇಕು, ಮೇಲ್ಮನವಿ ಯಾರಿಗೆ ಎಂಬ ಕಲಂಗಳು ಬೇರೆ ಪುಟಗಳಲ್ಲಿರುತ್ತವೆ, ಗೆಲುವು ಹಲವು ಸಲ ಅಲ್ಲೇ ಅಡಗಿರುತ್ತದೆ.

ಕೊಠಡಿಯ ವರದಿಗಳು ವಿದ್ಯಾರ್ಥಿಯ ಬಳಿ ಇರಲಿಲ್ಲ. ಹೀಗಾಗಿ ಮೂಲ ಕಡತ ತರಿಸಬೇಕೆಂಬ ಕೋರಿಕೆಯನ್ನು ಅರ್ಜಿಯಲ್ಲಿ ಪ್ರತ್ಯೇಕವಾಗಿ ಸೇರಿಸಲಾಯಿತು. ಪ್ರಕರಣ ತಿರುಗಿದ್ದು ಈ ಒಂದು ಸಾಲಿನಿಂದ.

ಯಾವ ವಾದ ಇಟ್ಟುಕೊಂಡರು, ಯಾವುದನ್ನು ಕೈಬಿಟ್ಟರು

ಮೊದಲ ಕರಡಿನಲ್ಲಿ ಹದಿನಾಲ್ಕು ಆಧಾರಗಳಿದ್ದವು. ಉಳಿದದ್ದು ಮೂರು. ಕೈಬಿಟ್ಟವುಗಳನ್ನು ನೋಡಿದರೆ ಈ ಕ್ಷೇತ್ರದ ಕಾನೂನು ಚೆನ್ನಾಗಿ ಅರ್ಥವಾಗುತ್ತದೆ.

"ಸಿಸಿಟಿವಿ ದೃಶ್ಯ ಇಲ್ಲ, ಹಾಗಾಗಿ ಸಾಕ್ಷ್ಯವೇ ಇಲ್ಲ" ಎಂಬುದು ಮೊದಲು ಹೋಯಿತು. ಉತ್ತರ ಪ್ರದೇಶದ ಪ್ರೌಢ ಮತ್ತು ಇಂಟರ್‌ಮೀಡಿಯೆಟ್ ಮಂಡಳಿಯ ಒಂದು ಪ್ರಕರಣ (1966ರಲ್ಲಿ ವರದಿಯಾದದ್ದು) ಇದಕ್ಕೆ ಅಡ್ಡ ಬರುತ್ತದೆ. ಇಬ್ಬರ ಉತ್ತರಗಳಲ್ಲಿ ಒಂದೇ ಬಗೆಯ ತಪ್ಪುಗಳಿದ್ದ ಪ್ರಕರಣ ಅದು. ನೇರ ಸಾಕ್ಷ್ಯ ಇಲ್ಲದ ಕಡೆ ಸಂದರ್ಭ, ಸಂಭವನೀಯತೆಗಳ ಮೇಲೂ ತೀರ್ಮಾನಿಸಬಹುದು, ಹೈಕೋರ್ಟ್ ಹಗುರವಾಗಿ ಕೈ ಹಾಕಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಮಹಾರಾಷ್ಟ್ರ ಮಂಡಳಿಯ ಅಂಕ ತಿದ್ದುಪಡಿ ಪ್ರಕರಣದಲ್ಲಿ 1991ರಲ್ಲಿ ಇದೇ ಮಾತು ಇನ್ನೂ ಗಟ್ಟಿಯಾಯಿತು: ಕ್ರಿಮಿನಲ್ ಪ್ರಕರಣದಂತೆ ಸಂಶಯಕ್ಕೆಡೆಯಿಲ್ಲದ ಸಾಬೀತು ಬೇಕಿಲ್ಲ, ಸಂಭವನೀಯತೆಯ ತೂಕ ಸಾಕು, ಸಾಕ್ಷ್ಯ ಕಾಯ್ದೆಯ ಕಟ್ಟುನಿಟ್ಟು ಇಲ್ಲಿ ಅನ್ವಯಿಸದು.

"ಸಮಿತಿಯ ವರದಿಯ ಪ್ರತಿ ಕೊಟ್ಟಿಲ್ಲ" ಎಂಬುದನ್ನು ಒಂಟಿ ಆಧಾರವಾಗಿ ಇಡಲಿಲ್ಲ. ಕೇರಳ ವಿಶ್ವವಿದ್ಯಾಲಯದ ಪ್ರಕರಣದಲ್ಲಿ (1968) ವಿದ್ಯಾರ್ಥಿ ವಿಚಾರಣೆಯಲ್ಲಿ ಭಾಗವಹಿಸಿದ್ದ, ಸಾಕ್ಷಿಗಳನ್ನು ಪ್ರಶ್ನಿಸುವ ಅವಕಾಶವೂ ಸಿಕ್ಕಿತ್ತು. ವಿಚಾರಣಾ ವರದಿ ಕೊಡದಿದ್ದ ಮಾತ್ರಕ್ಕೆ ಆದೇಶ ಬಿದ್ದುಹೋಗದು ಎಂದು ನ್ಯಾಯಾಲಯ ಹೇಳಿತು. ಕಾಗದ ಕೊಡದಿದ್ದರಿಂದ ಏನು ಹಾನಿಯಾಯಿತು ಎಂದು ತೋರಿಸಲೇಬೇಕು.

"ಬೇರೆಯವರಿಗೆ ಕಡಿಮೆ ಶಿಕ್ಷೆ ಕೊಟ್ಟಿದ್ದಾರೆ" ಹೋಯಿತು. ಇನ್ನೊಬ್ಬರಿಗೆ ಸಿಕ್ಕ ತಪ್ಪು ರಿಯಾಯಿತಿಯನ್ನು ತನಗೂ ಕೊಡಿ ಎಂದು ಕೇಳಲಾಗದು. ವಕೀಲರನ್ನು ಸಮಿತಿಯೊಳಗೆ ಬಿಡಲಿಲ್ಲ ಎಂಬುದೂ ಹೋಯಿತು. ಭವಿಷ್ಯ, ಸಾಲ, ಕುಟುಂಬದ ಪರಿಸ್ಥಿತಿ ಒಂದೇ ಪ್ಯಾರಾಕ್ಕೆ ಇಳಿದವು.

ಉಳಿದ ಮೂರರಲ್ಲಿ ಮೊದಲನೆಯದು ಶಿಕ್ಷೆಯ ಹಂತ. ಮೂರನೇ ಹಂತಕ್ಕೆ ಬೇಕಾದ "ಹೊರಗಿನ ಸಂಪರ್ಕ" ಎಂಬ ಆರೋಪವೇ ಇರಲಿಲ್ಲ. ಆರೋಪವಿಲ್ಲದ ಕಡೆ ಸಾಬೀತು ಎಲ್ಲಿಂದ? ವಿಶ್ವವಿದ್ಯಾಲಯದ ವಿವೇಚನೆಗೆ ನ್ಯಾಯಾಲಯ ಎಷ್ಟೇ ಗೌರವ ಕೊಟ್ಟರೂ, ತನ್ನ ನಿಯಮದಲ್ಲೇ ಇಲ್ಲದ ಅಧಿಕಾರವನ್ನು ವಿಶ್ವವಿದ್ಯಾಲಯ ಚಲಾಯಿಸುವಂತಿಲ್ಲ. ಎರಡನೆಯದು ನೋಟಿಸಿನ ಕೊರತೆ. ಇದರ ಬೇರು ಅದೇ ಉತ್ತರ ಪ್ರದೇಶ ಮಂಡಳಿಯ 1962ರ ಇನ್ನೊಂದು ತೀರ್ಪಿನಲ್ಲಿದೆ. ಮೂವರು ವಿದ್ಯಾರ್ಥಿಗಳ ಫಲಿತಾಂಶವನ್ನು ಅವರ ಮಾತು ಕೇಳದೆ ರದ್ದು ಮಾಡಿದ್ದಾಗ, ಪರೀಕ್ಷಾ ಸಮಿತಿ ಇಂಥ ಕೆಲಸದಲ್ಲಿ ಅರೆ ನ್ಯಾಯಿಕವಾಗಿ, ಅಂದರೆ ಬಹುಮಟ್ಟಿಗೆ ನ್ಯಾಯಾಲಯದಂತೆ ನಡೆಯಬೇಕು, ಆರೋಪಿಗೆ ಹೇಳಿಕೊಳ್ಳಲು ಅವಕಾಶ ಕೊಡಲೇಬೇಕು ಎಂದು ಸಂವಿಧಾನ ಪೀಠ ತೀರ್ಮಾನಿಸಿತು. ಮೂರನೆಯದು ಕಾರಣವಿಲ್ಲದ ಆದೇಶ. ಇದನ್ನು ಎಚ್ಚರದಿಂದ ಬಳಸಬೇಕು, ಏಕೆಂದರೆ 1991ರ ಮಹಾರಾಷ್ಟ್ರ ತೀರ್ಪು ಪ್ರತಿ ಆದೇಶದಲ್ಲೂ ಉದ್ದನೆಯ ಕಾರಣ ಬೇಕೆಂದು ಹೇಳುವುದಿಲ್ಲ. ಆದರೆ ಕಡತದಲ್ಲೇ ಎರಡು ವರದಿಗಳು ಒಂದಕ್ಕೊಂದು ವಿರುದ್ಧವಾಗಿರುವಾಗ, ಯಾವುದನ್ನು ಏಕೆ ನಂಬಿದಿರಿ ಎಂದು ಹೇಳದೆ ದಾಟುವಂತಿಲ್ಲ.

ಇಲ್ಲೊಂದು ಮಾತು ಪಕ್ಕಕ್ಕೆ ಹೇಳಬೇಕು. ಇಡೀ ಕೇಂದ್ರದಲ್ಲೇ ಸಾಮೂಹಿಕ ನಕಲು ನಡೆದಿದ್ದರೆ ಈ ಯಾವ ವಾದವೂ ನಿಲ್ಲುತ್ತಿರಲಿಲ್ಲ. ಬಿಹಾರ ಶಾಲಾ ಪರೀಕ್ಷಾ ಮಂಡಳಿಯ 1970ರ ಪ್ರಕರಣದಲ್ಲಿ ಒಂದು ಕೇಂದ್ರದ ಪರೀಕ್ಷೆಯನ್ನೇ ರದ್ದು ಮಾಡಲಾಗಿತ್ತು. ಇಲ್ಲಿ ಯಾರೊಬ್ಬರ ಮೇಲೂ ವೈಯಕ್ತಿಕ ಆರೋಪವಿಲ್ಲ, ಪರೀಕ್ಷೆಯೇ ಉದ್ದೇಶ ಕಳೆದುಕೊಂಡಿದೆ, ಹಾಗಾಗಿ ಪ್ರತಿಯೊಬ್ಬರನ್ನೂ ಆಲಿಸುವ ಅಗತ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಒಬ್ಬನ ಹೆಸರು ಹಿಡಿದು ಕಳಂಕ ಹೊರಿಸುವಾಗ ಮಾತ್ರ ಆಲಿಸುವ ಹೊಣೆ ಅಷ್ಟು ಬಿಗಿ.

ಮಧ್ಯಂತರ ಆದೇಶದ ಲೆಕ್ಕ

ಶಿಕ್ಷೆಯ ಆದೇಶಕ್ಕೆ ತಡೆ ಕೊಡಿ ಎಂದು ಮಾತ್ರ ಕೇಳಿದ್ದರೆ ಬರಿಗೈಯಲ್ಲಿ ಹೊರಬರುವ ಸಾಧ್ಯತೆ ಹೆಚ್ಚಿತ್ತು. ತಡೆ ಎಂದರೆ ಫಲಿತಾಂಶ ಬಿಡುಗಡೆ, ಅಂದರೆ ಅಂತಿಮ ಪರಿಹಾರವೇ ಮೊದಲ ದಿನ. ಗುರುನಾನಕ್ ದೇವ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್ ಇಂಥ ಧಾರಾಳ ಮಧ್ಯಂತರ ಆದೇಶಗಳನ್ನು ಖಂಡಿಸಿದೆ. ಆದ್ದರಿಂದ ಕೋರಿಕೆಯನ್ನು ಕಿರಿದು ಮಾಡಲಾಯಿತು: ಆರನೇ ಸೆಮಿಸ್ಟರ್ ಪರೀಕ್ಷೆಗೆ ತಾತ್ಕಾಲಿಕವಾಗಿ ಕೂರಲು ಬಿಡಿ, ಫಲಿತಾಂಶ ಮುಚ್ಚಿದ ಲಕೋಟೆಯಲ್ಲಿರಲಿ, ಅರ್ಜಿ ವಜಾ ಆದರೆ ಬರೆದ ಪರೀಕ್ಷೆಯ ಆಧಾರದ ಮೇಲೆ ಯಾವ ಹಕ್ಕನ್ನೂ ಕೇಳುವುದಿಲ್ಲ. ಕೊನೆಯ ಭಾಗವನ್ನು ವಿದ್ಯಾರ್ಥಿಯ ಪ್ರಮಾಣಪತ್ರದಲ್ಲೇ ಬರೆಯಲಾಗಿತ್ತು.

ಇದಕ್ಕೆ ಬೇಕಾದ ಒಂದು ಸಂಗತಿ ಅದೃಷ್ಟಕ್ಕೆ ಸರಿಯಾಗಿತ್ತು: ಹಾಜರಾತಿ. ಡಿಬಾರ್ ಆದೇಶ ಬಂದ ಕೂಡಲೇ ಮನೆಗೆ ಹೋಗಿ ಕೂರುವವರು ಹೆಚ್ಚು. ಎರಡು ತಿಂಗಳ ಬಳಿಕ ಕೋರ್ಟ್ ಪರೀಕ್ಷೆಗೆ ಕೂರಿಸಿ ಎಂದರೂ, ಕನಿಷ್ಠ ಹಾಜರಾತಿ ಇಲ್ಲ, ಆಂತರಿಕ ಪರೀಕ್ಷೆ ಬರೆದಿಲ್ಲ ಎಂದು ಕಾಲೇಜು ಬೇರೆ ಕಾರಣ ಕೊಡುತ್ತದೆ, ಅದೂ ನ್ಯಾಯವಾದ ಕಾರಣವೇ. ನಮ್ಮ ವಿದ್ಯಾರ್ಥಿಯ ಹೆಸರನ್ನು ವಿಭಾಗದವರು ಹಾಜರಿ ಪುಸ್ತಕದಿಂದ ತೆಗೆದಿದ್ದರು. ಆದರೂ ಅವನು ತರಗತಿಗೆ ಹೋಗುತ್ತಿದ್ದ, ಪ್ರತಿ ವಾರ ಪ್ರಾಂಶುಪಾಲರಿಗೆ "ಈ ವಾರ ತರಗತಿಗೆ ಬಂದಿದ್ದೇನೆ, ಆಂತರಿಕ ಪರೀಕ್ಷೆಗೆ ಸಿದ್ಧನಿದ್ದೇನೆ" ಎಂದು ಇಮೇಲ್ ಕಳಿಸಿದ್ದ. ಆ ಇಮೇಲ್‌ಗಳನ್ನೂ ಅನುಬಂಧಕ್ಕೆ ಸೇರಿಸಿದ್ದರು.

ರಜೆಗೆ ಮುನ್ನ ಅರ್ಜಿ ಪಟ್ಟಿಗೆ ಬಂತು. ವಿಶ್ವವಿದ್ಯಾಲಯದ ಪ್ಯಾನೆಲ್ ವಕೀಲರಿಗೆ ಮುಂಚಿತವಾಗಿ ಪ್ರತಿ ಕೊಟ್ಟಿದ್ದರಿಂದ ಅವರು ಅಲ್ಲೇ ನೋಟಿಸ್ ಸ್ವೀಕರಿಸಿದರು. ನೋಟಿಸ್ ಅಂಚೆಯಲ್ಲಿ ಹೋಗಿ ಬರಲು ಕಾಯುವುದು ತಪ್ಪಿತು. ತಾತ್ಕಾಲಿಕವಾಗಿ ಪರೀಕ್ಷೆ ಬರೆಯಲು ಅನುಮತಿ ಸಿಕ್ಕಿತು, ಮೂಲ ಕಡತ ಹಾಜರುಪಡಿಸಲು ಸೂಚನೆಯೂ ಬಂತು.

ಕಡತ ತೆರೆದಾಗ

ಆಕ್ಷೇಪಣಾ ಹೇಳಿಕೆಯಲ್ಲಿ ಮೂರು ಮಾತಿದ್ದವು. ಸಿಂಡಿಕೇಟ್‌ಗೆ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಮೇಲ್ಮನವಿ ಹೋಗಬಹುದಿತ್ತು, ಹೋಗಿಲ್ಲ. ವಿದ್ಯಾರ್ಥಿ ಎರಡು ಬಾರಿ ತಪ್ಪೊಪ್ಪಿಕೊಂಡಿದ್ದಾನೆ. ಮೊಬೈಲ್ ಎಂದ ಮೇಲೆ ಹೊರಗಿನ ಸಂಪರ್ಕ ಸಾಧ್ಯವಿರುವುದರಿಂದ ಮೂರನೇ ಹಂತ ಅನ್ವಯಿಸುತ್ತದೆ.

ಮೊದಲನೆಯದಕ್ಕೆ ಉತ್ತರ ವರ್ಲ್‌ಪೂಲ್ ಪ್ರಕರಣ (1998): ಸಹಜ ನ್ಯಾಯದ (ಆರೋಪಿಯ ಮಾತು ಕೇಳಿಯೇ ತೀರ್ಮಾನಿಸಬೇಕೆಂಬಂಥ ತತ್ವಗಳ) ಉಲ್ಲಂಘನೆ ಅಥವಾ ಅಧಿಕಾರ ಮೀರಿದ ಆದೇಶ ಇದ್ದಾಗ ಪರ್ಯಾಯ ಪರಿಹಾರ ಇರುವುದು ರಿಟ್‌ಗೆ ತಡೆಯಲ್ಲ. ಹಾಗಿದ್ದರೂ ಮೇಲ್ಮನವಿ ಹಾಕಿ ಅದರ ಪ್ರತಿ ಹಿಡಿದು ಬಂದಿದ್ದರೆ ಈ ವಾದಕ್ಕೆ ಹತ್ತು ನಿಮಿಷ ವ್ಯಯವಾಗುತ್ತಿರಲಿಲ್ಲ.

ಮೂರನೆಯದಕ್ಕೆ ಉತ್ತರ ಇನ್ನೂ ಚುರುಕಾದದ್ದು. ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಶಾಸನಬದ್ಧ ಅಧಿಕಾರದ ಆದೇಶ ತನ್ನಲ್ಲಿರುವ ಕಾರಣಗಳ ಮೇಲೆಯೇ ನಿಲ್ಲಬೇಕು, ಆಮೇಲೆ ಪ್ರಮಾಣಪತ್ರದಲ್ಲಿ ಹೊಸ ಕಾರಣ ಸೇರಿಸಿ ಅದನ್ನು ಬದುಕಿಸುವಂತಿಲ್ಲ. "ಸಂಪರ್ಕ ಸಾಧ್ಯವಿತ್ತು" ಎಂಬ ಮಾತು ಆದೇಶದಲ್ಲಿ ಇರಲಿಲ್ಲ. ಸಾಧ್ಯತೆಗೂ ಸಾಬೀತಿಗೂ ಇರುವ ದೂರ ಬೇರೆ.

ಎರಡನೆಯದೇ ಅಪಾಯದ್ದು. ತಪ್ಪೊಪ್ಪಿಗೆಯನ್ನು ಅಲುಗಿಸಿದ್ದು ವಿದ್ಯಾರ್ಥಿಯ ವಾದವಲ್ಲ, ಮೂಲ ಕಡತ. ಮೇಲ್ವಿಚಾರಕರ ವರದಿ ಹೊರಬಂತು: ಸ್ವಿಚ್ ಆಫ್ ಆಗಿತ್ತು, ಸ್ಕ್ವಾಡ್ ಆನ್ ಮಾಡಿಸಿತು. ವಿಶ್ವವಿದ್ಯಾಲಯದ್ದೇ ಮನುಷ್ಯ ಬರೆದ ಕಾಗದ ಅದು. ಈ ವರದಿಯನ್ನು ಮೊದಲೇ ಕೊಟ್ಟಿದ್ದರೆ ವಿದ್ಯಾರ್ಥಿ ಸಮಿತಿಯ ಮುಂದೆ ಬೇರೆಯೇ ಉತ್ತರ ಕೊಡುತ್ತಿದ್ದ ಎಂಬುದು ಸ್ಪಷ್ಟವಾಯಿತು. ಕಾಗದ ಕೊಡದಿದ್ದರಿಂದ ಏನು ಹಾನಿ ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು.

ಆದೇಶ ರದ್ದಾಯಿತು, ಆದರೆ ವಿದ್ಯಾರ್ಥಿ ನಿರ್ದೋಷಿ ಎಂದು ನ್ಯಾಯಾಲಯ ಹೇಳಲಿಲ್ಲ. ವಿಷಯ ಸಮಿತಿಗೆ ವಾಪಸ್ ಹೋಯಿತು: ಎರಡೂ ವರದಿಗಳ ಪ್ರತಿ ಕೊಡಬೇಕು, ಆರೋಪವನ್ನೂ ಕಲಂ ಅನ್ನೂ ನಮೂದಿಸಿ ನೋಟಿಸ್ ಕೊಡಬೇಕು, ಉತ್ತರ ಪಡೆದು, ಆಲಿಸಿ, ಕಾರಣ ಸಹಿತ ಆದೇಶವನ್ನು ಪ್ರತಿ ಕೈಸೇರಿದ ನಾಲ್ಕು ವಾರದೊಳಗೆ ಹೊರಡಿಸಬೇಕು. ಎರಡೂ ಕಡೆಯ ವಾದಗಳು ಮುಕ್ತ. ಮನೆಯವರು ಇದನ್ನು ಪೂರ್ಣ ಗೆಲುವೆಂದು ಸಿಹಿ ಹಂಚಿದರು, ವಕೀಲರು ಹಂಚಲಿಲ್ಲ. ಇಂಥ ಅರ್ಜಿಗಳಲ್ಲಿ ಗೆಲುವು ಎಂದರೆ ಬಹುತೇಕ ಇಷ್ಟೇ, ಎರಡನೇ ಸುತ್ತಿಗೆ ಸಿದ್ಧತೆ ಇಲ್ಲದವರು ಅದೇ ಶಿಕ್ಷೆಯನ್ನು ಚೆನ್ನಾಗಿ ಬರೆದ ಆದೇಶದಲ್ಲಿ ಮತ್ತೆ ಪಡೆಯುತ್ತಾರೆ.

ಎರಡನೇ ಸುತ್ತು

ಈ ಬಾರಿ ಎರಡು ಪುಟದ ಲಿಖಿತ ಉತ್ತರ ಹೋಯಿತು. ಮೊಬೈಲ್ ತಂದದ್ದನ್ನು ಮೊದಲ ವಾಕ್ಯದಲ್ಲೇ ಒಪ್ಪಲಾಗಿತ್ತು; ಒಪ್ಪದಿದ್ದರೆ ಉಳಿದದ್ದನ್ನು ಯಾರೂ ನಂಬುತ್ತಿರಲಿಲ್ಲ. ನಂತರ ಮೇಲ್ವಿಚಾರಕರ ವರದಿಯ ಉಲ್ಲೇಖ. ಆಮೇಲೆ ಅಸಲಿ ವಿಷಯ: ಮುಕ್ಕಾಲು ಗಂಟೆಯಲ್ಲಿ ಬರೆದ ನಾಲ್ಕು ಪುಟಗಳು ಮೊದಲ ಮಾಡ್ಯೂಲ್‌ನ ಪ್ರಶ್ನೆಗಳಿಗೆ ಉತ್ತರ, ಗ್ಯಾಲರಿಯ ಹನ್ನೊಂದು ಫೋಟೊಗಳು ಮೂರನೇ ಮತ್ತು ಐದನೇ ಮಾಡ್ಯೂಲ್‌ನವು. ವಿಷಯ ತಜ್ಞರಿಂದ ಹೋಲಿಸಿ ನೋಡಿಸಿ ಎಂಬ ಕೋರಿಕೆ ಇತ್ತು. ಮೇಲ್ವಿಚಾರಕರನ್ನು ಕರೆಸಿ ಕೇಳಿ ಎಂಬುದೂ ಇತ್ತು. ಕೈಬರಹದ ಹೇಳಿಕೆಯ ಬಗ್ಗೆ ಒಂದೇ ಸಾಲು: ಅದರಲ್ಲಿನ "ನೋಡಿ ಬರೆದಿದ್ದೇನೆ" ಎಂಬುದು ಉತ್ತರ ಪತ್ರಿಕೆಯ ಜೊತೆ ತಾಳೆಯಾಗುವುದಿಲ್ಲ.

ಸಮಿತಿ ತಜ್ಞರಿಂದ ಹೋಲಿಕೆ ಮಾಡಿಸಿತು. ಸಾಧನ ಬಳಿಯಿದ್ದದ್ದು ಸಾಬೀತು, ಬಳಕೆ ಸಾಬೀತಾಗಿಲ್ಲ ಎಂದು ಬರೆದು ಮೊದಲ ಹಂತದ ಶಿಕ್ಷೆಗೆ ಇಳಿಸಿತು. ಐದನೇ ಪೇಪರ್ ರದ್ದು, ದಂಡ. ಉಳಿದ ನಾಲ್ಕು ಪೇಪರ್‌ಗಳ ಫಲಿತಾಂಶ ಮತ್ತು ತಾತ್ಕಾಲಿಕವಾಗಿ ಬರೆದ ಆರನೇ ಸೆಮಿಸ್ಟರ್‌ನದ್ದು ಬಿಡುಗಡೆಗೆ ಅರ್ಹವಾದವು.

ಇದನ್ನು ಮತ್ತೆ ಪ್ರಶ್ನಿಸಬೇಕೆಂದು ಪೋಷಕರು ಕೇಳಿದರು. ಆ ಪೇಪರ್ ರದ್ದತಿಯನ್ನು ಅಲುಗಿಸಲು ಯಾವ ಆಧಾರವೂ ಇರಲಿಲ್ಲ. ಮೊಬೈಲ್ ಒಳಗೆ ಹೋದದ್ದು ನಿಜ, ನಿಯಮ ಅದನ್ನೇ ಅಪರಾಧವೆನ್ನುತ್ತದೆ. ಏಕಸದಸ್ಯ ಪೀಠದ ತೀರ್ಪಿನ ಮೇಲೆ ವಿಶ್ವವಿದ್ಯಾಲಯ ಕರ್ನಾಟಕ ಹೈಕೋರ್ಟ್ ಕಾಯ್ದೆ, 1961ರ 4ನೇ ಕಲಂ ಅಡಿ ರಿಟ್ ಮೇಲ್ಮನವಿ ಹೋಗಬಹುದಿತ್ತು. ಹೊಸ ಆದೇಶ ಹೊರಟ ಮೇಲೆ ಅದಕ್ಕೂ ಅರ್ಥ ಉಳಿಯಲಿಲ್ಲ.

ಬಾಕಿ ಉಳಿದದ್ದು ಕಚೇರಿ ಕೆಲಸ. ಹೊಸ ಆದೇಶ ಬಂದರೂ ಜಾಲತಾಣದಲ್ಲಿ ಫಲಿತಾಂಶ ಕೆಲವು ವಾರ "ತಡೆಹಿಡಿಯಲಾಗಿದೆ" ಎಂದೇ ತೋರಿಸುತ್ತಿತ್ತು. ಮೌಲ್ಯಮಾಪನ ವಿಭಾಗದಿಂದ ಫಲಿತಾಂಶ ವಿಭಾಗಕ್ಕೆ ಟಿಪ್ಪಣಿ ಹೋಗಿರಲಿಲ್ಲ. ತೀರ್ಪಿನ ದೃಢೀಕೃತ ಪ್ರತಿ, ಸಮಿತಿಯ ಹೊಸ ಆದೇಶ, ದಂಡ ಕಟ್ಟಿದ ರಸೀದಿ ಮೂರನ್ನೂ ಒಂದೇ ಪತ್ರದ ಜೊತೆ ಕುಲಸಚಿವರ (ಮೌಲ್ಯಮಾಪನ) ಕಚೇರಿಗೆ ಖುದ್ದಾಗಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು. ನ್ಯಾಯಾಲಯ ಕೊಟ್ಟ ಗಡುವು ಎಣಿಕೆಯಾಗುವುದು ಪ್ರತಿ ಕೈಸೇರಿದ ದಿನದಿಂದ, ಮೊಹರಿಲ್ಲದಿದ್ದರೆ ಆ ದಿನ ಯಾವುದೆಂದು ತೋರಿಸಲಾಗದು. ಗಡುವು ಮೀರಿದರೆ ಮೊದಲು ವಕೀಲರ ನೋಟಿಸ್, ಆಮೇಲೂ ಆಗದಿದ್ದರೆ ನ್ಯಾಯಾಂಗ ನಿಂದನಾ ಅರ್ಜಿ. ಅದಕ್ಕೆ ಒಂದು ವರ್ಷದ ಮಿತಿಯಿದೆ. ಇಲ್ಲಿ ನೋಟಿಸ್ ಹೋದ ಮೇಲೆ ಫಲಿತಾಂಶ ಬಂತು, ಉಳಿದ ಒಂದು ಪೇಪರ್ ಅನ್ನು ಬ್ಯಾಕ್‌ಲಾಗ್ ಆಗಿ ಏಳನೇ ಸೆಮಿಸ್ಟರ್ ಜೊತೆ ಬರೆಯಲು ಅರ್ಜಿ ಹಾಕಲಾಯಿತು.